ಮೇಕೆ ತಿಂದ ಜೇಡ

ಕಾಡುಗೋಡಿ, ಹೊರಡುವ ಮುಂಚೆ

ಈ ಪ್ರವಾಸ ಶುರುವಾದದ್ದು ಒಂದು ಪೊರಕೆಯಿಂದ. ನಮ್ಮ ಮನೆಯ ತೆಂಗಿನಕಡ್ಡಿ ಪೊರಕೆ ದಿನೇ ದಿನೇ ಸೊರಗುತ್ತಿರುವುದನ್ನು ಮೊದಲು ಕಂಡುಹಿಡಿದವರು ನಮ್ಮತ್ತೆ.

"ಯಾವಳೇ ಅವ್ಳು, ಪೊರಕೆಗೆ ಕ್ಷೌರ ಮಾಡ್ತಿರೋಳು?" ಎಂದು ಅವರು ಹಿತ್ತಿಲಿನಿಂದ ಕೂಗಿದರೆ, ಮಹಡಿಯ ಬಾಡಿಗೆ ಕೋಣೆಯಿಂದ ಕೆಂಪು ಕೆನ್ನೆಯ ಮುಖವೊಂದು ಇಣುಕಿತು. "ನಾನೇ, ಅಜ್ಜಿ. ಸಾರಿ ಅಜ್ಜಿ. ನಕ್ಷತ್ರ ಮಾಡ್ದೆ."

ಅವಳೇ ಕಾಶಿ. ನಿಜವಾದ ಹೆಸರು ಕಾಶಾ. ನಮ್ಮ ಬೀದಿಯಲ್ಲಿ ಅಂಥ ಹೆಸರು ಹೆಚ್ಚು ದಿನ ಬಾಳುವುದಿಲ್ಲ, ಒಂದೇ ವಾರದಲ್ಲಿ ಕಾಶಿಯಾದಳು. ಪೋಲೆಂಡ್ ದೇಶದವಳು. ವೈಟ್‌ಫೀಲ್ಡಿನ ಒಂದು ಆಫೀಸಿಗೆ ಎರಡು ವರ್ಷದ ಮಟ್ಟಿಗೆ ಬಂದು ನಮ್ಮ ಮನೆ ಸೇರಿದ್ದಳು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ನಾವೀಗ ಕೋಣೆಗಳನ್ನು ಬೆಳೆದಿದ್ದೇವಲ್ಲ, ಅದರಲ್ಲಿ ಒಂದು ಕೋಣೆ ಅವಳದು. ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗಿ ನಡೆದು ಬರುವಳು, ದಾರಿಯಲ್ಲಿ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಳು, ಮುದ್ದೆಯನ್ನು ಅಗಿಯದೆ ನುಂಗುವುದನ್ನು ನಮ್ಮತ್ತೆಯಿಂದಲೇ ಕಲಿತಳು. ಡಿಸೆಂಬರ್ ಬಂದಾಗ ಪೊರಕೆಕಡ್ಡಿಗಳನ್ನು ಕೆಂಪು ದಾರದಲ್ಲಿ ಕಟ್ಟಿ ನಕ್ಷತ್ರ ಮಾಡಿ ಬಾಗಿಲಿಗೆ ತೂಗುಹಾಕಿದಳು. ಸ್ವಲ್ಪ ಸೊಟ್ಟಗಿತ್ತು. "ನಮ್ಮಮ್ಮ ಹುಲ್ಲಲ್ಲಿ ಮಾಡ್ತಾಳೆ, ರತ್ನಮ್ಮ. ಎಷ್ಟು ಚೆನ್ನಾಗ್ ಮಾಡ್ತಾಳೆ ಗೊತ್ತಾ! ಕಲಿ ಅಂತಿದ್ಲು. ನಾನೂ ನಮ್ಮಕ್ಕನೂ ನಾಳೆ ನಾಳೆ ಅಂದ್ವಿ."

ಅವಳು ಊರಿಗೆ ಮರಳಿದ ಮರುವರ್ಷ ಆ ತಾಯಿ ತೀರಿಕೊಂಡರು. ಅದಾದ ಮೇಲೆ ಒಂದು ದಿನ ಫೋನು ಬಂತು.

"ಈ ಸಲ ಕ್ರಿಸ್‌ಮಸ್ ಹಬ್ಬಕ್ಕೆ ನೀವು ಬರ್ಬೇಕು, ರತ್ನಮ್ಮ. ಅಕ್ಕ ಎವಾನೂ ಬರ್ತಾಳೆ. ಅಮ್ಮನ ಮಣ್ಣಿಗೆ ಅವ್ಳು ಬರಕ್ಕಾಗ್ಲಿಲ್ಲ, ಆಪರೇಷನ್ ಆಗಿ ಅವ್ಳೇ ಆಸ್ಪತ್ರೆ ಮಂಚದ ಮೇಲಿದ್ಲು. ಈಗ್ಲೇ ಮೊದಲ್ನೇ ಸಲ ಮನೆಗೆ ಬರ್ತಿರೋದು. ನನಗೆ ಭಯ ಆಗ್ತಿದೆ. ಮನೇಲಿ ಅಮ್ಮನ ವಯಸ್ಸಿನವ್ರು ಒಬ್ರು ಓಡಾಡ್ಕೊಂಡಿರ್ಬೇಕು."

ಇಷ್ಟು ಹೇಳಿದ ಮೇಲೆ ಇಲ್ಲ ಎನ್ನುವುದುಂಟೆ? ನಮ್ಮೆಜಮಾನರು, "ನೀನೋಗ್ಬಾ, ಬಾಡ್ಗೆಯವ್ರ ನೀರಿನ ಮೋಟ್ರು ನಾನ್ ನೋಡ್ಕೊಂತೀನಿ," ಎಂದರು. ಎದುರುಮನೆ ಜಯಮ್ಮ ಮಾತ್ರ, "ಎಲ್ರೂ ಅಮೆರಿಕಾಕ್ಕೆ ಓದ್ರೆ ನೀನು ಪೋಲಿಗಳ ದೇಶಕ್ಕೆ ಓಯ್ತಿದ್ದೀಯಲ್ಲೇ," ಎಂದು ನಕ್ಕಳು. ಅತ್ತೆ ಒಂದೇ ಮಾತು ಹೇಳಿದರು. "ಅಬ್ಬದ ಮನೆಗೆ ಬರಿಗೈಲಿ ಓಗ್ಬೇಡ. ತೋರಣ ತಗೊಂಡೋಗು. ಒಣಗಿದ ತೋರಣ ಇಟ್ಕೊಂಡು ಅಬ್ಬ ಮಾಡೋ ಮನೆಗೆ ಲಕ್ಷ್ಮಿ ಕಾಲಿಡಲ್ಲ."

ಆ ಮಾತನ್ನು ಗಂಟು ಕಟ್ಟಿಕೊಂಡೇ ಹೊರಟೆ. ಗಂಟು ಎಲ್ಲಿ ಬಿಚ್ಚಿಕೊಂಡಿತು ಎಂಬುದೇ ಮುಂದಿನ ಕಥೆ.

ವಿಮಾನ ಇಳಿದಲ್ಲಿ

ಮಾವಿನ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಬಾಳೆ ಎಲೆ ಸುತ್ತಿ, ಸೀರೆಗಳ ನಡುವೆ ಮಲಗಿಸಿದ್ದೆ. ತಪಾಸಣೆಯ ಮೇಜಿನ ಹಿಂದೆ ನಿಂತಿದ್ದ ಹೆಂಗಸು ಅದನ್ನು ಬಿಚ್ಚಿ, ತಿನ್ನುವುದಾ ಎಂದು ಸನ್ನೆಯಲ್ಲಿ ಕೇಳಿದಳು. ಅಲ್ಲ ಎಂದೆ. ಔಷಧಿಯಾ? ಅಲ್ಲ. ಮತ್ತೆ ಏನಕ್ಕೆ? ನಾನು ಅಕ್ಕಪಕ್ಕ ನೋಡಿ, ಅವಳ ಕೋಣೆಯ ಬಾಗಿಲ ಚೌಕಟ್ಟಿಗೇ ನಾಲ್ಕು ಎಲೆ ಹಿಡಿದು ತೋರಿಸಿದೆ. ಅವಳು ನಕ್ಕಳು. ಹಸಿ ಎಲೆ ಒಳಗೆ ಬಿಡುವ ಹಾಗಿಲ್ಲ ಎಂದು ಆಮೇಲೆ ತಿಳಿಯಿತು. ನಗುನಗುತ್ತಲೇ ಇಡೀ ಕಟ್ಟನ್ನು ಒಂದು ಡಬ್ಬಕ್ಕೆ ಹಾಕಿದಳು. ಅಷ್ಟು ಮರ್ಯಾದೆಯಿಂದ ನನ್ನ ವಸ್ತುವನ್ನು ಯಾರೂ ಕಸಿದುಕೊಂಡಿರಲಿಲ್ಲ.

ಹೊರಗೆ ಕಾದಿದ್ದ ಕಾಶಿಯನ್ನು ತಬ್ಬಿಕೊಂಡು ನಾನು ಆಡಿದ ಮೊದಲ ಮಾತು, "ತೋರಣ ಹೋಯ್ತು ಕಣೇ!"

"ಹೋಗ್ಲಿ ಬಿಡಿ ರತ್ನಮ್ಮ, ನೀವು ಬಂದ್ರಲ್ಲ," ಎಂದಳು. ಮಾರತ್ತಹಳ್ಳಿಯ ಟ್ರಾಫಿಕ್ಕಿನಲ್ಲಿ ನಿಂತವರು ಮಾತನಾಡುವಷ್ಟು ಸಲೀಸಾದ ಕನ್ನಡ. ಅಲ್ಲಿಂದ ಅವಳ ಹಳ್ಳಿಗೆ ಮೂರು ಗಂಟೆ ದಾರಿ. ಆ ಮೂರು ಗಂಟೆಯಲ್ಲಿ ಒಂದೇ ಒಂದು ಹಾರ್ನ್ ಕೇಳಿಸಲಿಲ್ಲ. ಯಾರೋ ಸತ್ತ ಮನೆಗೆ ಎಲ್ಲರೂ ಒಟ್ಟಿಗೆ ಹೊರಟಂತೆ ಕಾರುಗಳು ಸದ್ದಿಲ್ಲದೆ ಹೋಗುತ್ತಿದ್ದವು.

ಹಳ್ಳಿಯಲ್ಲಿ ಮೊದಲ ಎರಡು ದಿನ

ಕಾಶಿಯ ತಂದೆಯ ಹೆಸರು ಸ್ತಾಶೆಕ್. ನಾನು ಸ್ತಾಶಪ್ಪನವರೇ ಎಂದೆ, ಅವರೂ ಓಗೊಟ್ಟರು. ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದವರು. ಹಲಗೆಯಂತಹ ಅಂಗೈ, ಮಾತು ಕಡಿಮೆ. ಅವರಿಗೆ ಇಂಗ್ಲಿಷ್ ಬಾರದು, ನನಗೆ ಬರುವ ಇಂಗ್ಲಿಷ್ ಬಾಡಿಗೆಯವರ ಮಟ್ಟದ್ದು. ಹಾಗಾಗಿ ನಾನು ಕನ್ನಡದಲ್ಲಿ ಮಾತನಾಡಿದೆ, ಅವರು ತಮ್ಮ ಭಾಷೆಯಲ್ಲಿ. ಸ್ವರ ತಿಳಿದರೆ ಸಾಕು, "ಬಿಸಿ ಇದೆ, ನಿಧಾನ", "ಇನ್ನೊಂದು ಹಾಕ್ಕೊಳಿ", "ಸಾಕಪ್ಪ ಸಾಕು" ಇವೆಲ್ಲ ಎಲ್ಲ ದೇಶದಲ್ಲೂ ಒಂದೇ ರಾಗ.

ಮೊದಲ ಬೆಳಗ್ಗೆ ಎದ್ದು ಅಭ್ಯಾಸಬಲದಿಂದ ಹೊಸಿಲ ಮುಂದೆ ರಂಗೋಲಿ ಹಾಕಿದೆ. ಹಾಕಿ ಎದ್ದು ನೋಡಿದರೆ ಏನೂ ಇಲ್ಲ. ಬಿಳಿ ಹಿಮದ ಮೇಲೆ ಬಿಳಿ ಪುಡಿ ಸುರಿದಿದ್ದೆ! ಕಿಟಕಿಯಿಂದ ನೋಡುತ್ತಿದ್ದ ಸ್ತಾಶಪ್ಪ ಪರದೇಶದ ಹೆಂಗಸು ಹಿಮಕ್ಕೆ ಉಪ್ಪು ಹಾಕುತ್ತಿದ್ದಾಳೆ ಎಂದುಕೊಂಡರಂತೆ. ಕಾಶಿ ವಿವರಿಸಿದ ಮೇಲೆ ಒಳಗೆ ಹೋಗಿ ಒಲೆಯ ಬೂದಿ ತಂದುಕೊಟ್ಟರು. ಬೂದಿಯ ರಂಗೋಲಿ ಹಿಮದ ಮೇಲೆ ಎಷ್ಟು ಚೆಂದ ಕೂತಿತೆಂದರೆ, ಅವರು ಹಬ್ಬ ಮುಗಿಯುವವರೆಗೂ ಅದನ್ನು ತುಳಿಯದೆ ಬಳಸಿಕೊಂಡು, ಹೂವಿನ ಪಾತಿ ದಾಟುವವರಂತೆ ಓಡಾಡಿದರು.

ಎರಡನೆಯ ದಿನ ಅಡುಗೆಮನೆಯ ಮೇಜಿನ ಮೇಲೆ ಹಬ್ಬದ ಅಲಂಕಾರದ ಕೆಲಸ. ಇವರು ಅಂಗಡಿಯಿಂದ ಏನನ್ನೂ ತರುವವರಲ್ಲ. ಅಕ್ರೋಟಿನ ಚಿಪ್ಪಿಗೆ ಬಂಗಾರದ ಬಣ್ಣ, ಮೊಟ್ಟೆಗೆ ತೂತು ಕೊರೆದು ಊದಿ ಖಾಲಿ ಮಾಡಿದ ಓಡಿಗೆ ಕಾಗದದ ರೆಕ್ಕೆ, ಬಣ್ಣದ ಕಾಗದದ ಸರಪಣಿ. ನನ್ನ ಪಾಲಿಗೆ ಬಂದದ್ದು ಕಿತ್ತಳೆ ಹಣ್ಣನ್ನು ಬಿಲ್ಲೆಬಿಲ್ಲೆ ಕೊಯ್ದು ಒಲೆಯಲ್ಲಿ ಒಣಗಿಸುವುದು. ನಮ್ಮ ಹಪ್ಪಳ ಸಂಡಿಗೆಯ ಕೈಗೆ ಅದು ಯಾವ ಲೆಕ್ಕ? ಆದರೆ ನಾನು ಒಂದೊಂದೇ ಬಿಲ್ಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದುದರಿಂದ ಕ್ರಿಸ್‌ಮಸ್ ಮರಕ್ಕೆ ತೂಗುಹಾಕಲು ಉಳಿದದ್ದು ಏಳೋ ಎಂಟೋ.

ನಡುಮನೆಯ ತೊಲೆಯಿಂದ ಒಂದು ದೊಡ್ಡ ಹುಲ್ಲಿನ ಗೊಂಚಲು ಇಳಿಬಿದ್ದಿತ್ತು. ಹುಲ್ಲುಕಡ್ಡಿಗಳನ್ನು ಕೆಂಪು ದಾರದಲ್ಲಿ ಪೋಣಿಸಿ ಹರಳಿನಂತೆ ಕಟ್ಟಿ, ಹರಳಿಗೆ ಹರಳು ಜೋಡಿಸಿ, ಗಂಟುಗಂಟಿಗೂ ಕಾಗದದ ಹೂವು ಇಟ್ಟಿದ್ದರು. ಹೊಗೆ ಹಿಡಿದು ಕಂದಾಗಿತ್ತು. ಕೆಳಗಿನ ಕಡ್ಡಿಗಳು ಮುರಿದಿದ್ದವು.

"ಇದೇನೇ ಇದು?"

"ಜೇಡ," ಎಂದಳು ಕಾಶಿ, ಅಂಟು ಹಚ್ಚುತ್ತಾ. "ನಮ್ಮ ಕಡೆ ಅಂಗೇ ಕರೀತಾರೆ. ಮನೆಗೆ ಅದೃಷ್ಟ. ಅದು ಹಳೇದು."

ಇನ್ನೇನೋ ಹೇಳುವವಳಿದ್ದಳು. ಅಷ್ಟರಲ್ಲಿ ಕೊಟ್ಟಿಗೆಯಿಂದ ಮೇಕೆ ಕೂಗಿತು, ಅವಳ ಮಾತು ಆ ಕಡೆ ತಿರುಗಿತು. "ರತ್ನಮ್ಮ, ಹಬ್ಬದ ರಾತ್ರಿ ಪ್ರಾಣಿಗಳೆಲ್ಲ ಮನುಷ್ಯರ ಥರ ಮಾತಾಡ್ತವಂತೆ. ಚಿಕ್ಕೋರಿದ್ದಾಗ ನಾನೂ ಎವಾನೂ ಕೊಟ್ಟಿಗೇಲಿ ಕಿವಿ ಕೊಟ್ಕೊಂಡು ಕೂತಿರ್ತಿದ್ವಿ."

"ನಮ್ಮತ್ತೆ ಸಂಕ್ರಾಂತಿಗೆ ಹಸುವಿನ ಕಿವೀಲಿ ಎಲ್ರ ಚಾಡಿ ಹೇಳ್ತಿದ್ರು," ಎಂದೆ. "ಅದು ತಿರುಗಿ ಮಾತಾಡಿದ್ರೆ ನನ್ ಗತಿ ಏನಾಗ್ತಿತ್ತೋ."

ಹಬ್ಬದ ಹಿಂದಿನ ದಿನ

ಕಾಶಿ ಅಕ್ಕನನ್ನು ಕರೆತರಲು ರೈಲ್ವೆ ಸ್ಟೇಷನ್ನಿಗೆ ಹೋದಳು. ಸ್ತಾಶಪ್ಪ ಹಬ್ಬದ ಮೀನು ತರಲು ಹೋದರು. ಮನೆಯಲ್ಲಿ ನಾನೊಬ್ಬಳೇ. ಸುಮ್ಮನೆ ಕೂತುಕೊಳ್ಳುವುದು ನಮ್ಮ ಮನೆತನದಲ್ಲಿ ಯಾರಿಗೂ ಬಂದದ್ದಲ್ಲ. ಗುಡಿಸಿದೆ, ಒರೆಸಿದೆ. ಒರೆಸುತ್ತಾ ತಲೆ ಎತ್ತಿದರೆ ತೊಲೆಯ ಮೇಲೆ ಆ ಕಂದುಬಣ್ಣದ ಗೊಂಚಲು.

ನಾಳೆ ಹಬ್ಬ. ಹೊಸ ಸರಪಣಿ, ಹೊಸ ನಕ್ಷತ್ರ ಎಲ್ಲ ಮೇಜಿನ ಮೇಲೆ ಸಿದ್ಧವಾಗಿವೆ. ಹಳೆಯದು ಇನ್ನೂ ನೇತಾಡುತ್ತಿದೆ. ಪಾಪ, ಹೆಂಗಸಿಲ್ಲದ ಮನೆ, ಇಳಿಸುವವರು ಯಾರು? ನಮ್ಮ ಅಜ್ಜಿಯ ಕಾಲದಲ್ಲಿ, ಕೆರೆ ಕೆಳಗೆ ಭತ್ತ ಬೆಳೆಯುತ್ತಿದ್ದಾಗ, ತೆನೆ ಹೆಣೆದು ಬಾಗಿಲಿಗೆ ಗೊಂಚಲು ಕಟ್ಟುತ್ತಿದ್ದೆವು. ವರ್ಷ ತುಂಬಿದ ಮೇಲೆ ಹಳೆಯದನ್ನು ಬಿಚ್ಚಿ, ಕಸಕ್ಕೆ ಹಾಕದೆ, ಕಾಲಿಗೆ ತಾಗಿಸದೆ, ಹಸುವಿನ ಬಾಯಿಗೆ ಕೊಟ್ಟು, ಆಮೇಲೆ ಹೊಸದು. ಅದು ಕ್ರಮ.

ಸ್ಟೂಲು ಹತ್ತಿದೆ. ಎರಡು ಕೈಯಲ್ಲಿ ಇಳಿಸಿದೆ. "ಹೋಗ್ಬಾರಮ್ಮ ತಾಯಿ," ಎಂದು ಹೇಳಿದ್ದೂ ನೆನಪಿದೆ. ಬಣ್ಣದ ಕಾಗದ ಮೇಕೆಯ ಹೊಟ್ಟೆಗೆ ಆಗದು ಎಂದು ಹೂವನ್ನೆಲ್ಲ ಒಂದೊಂದಾಗಿ ಬಿಡಿಸಿ ನಾನು ಊರಿನಿಂದ ತಂದು ಖಾಲಿಯಾಗಿದ್ದ ಚಕ್ಕುಲಿಯ ಡಬ್ಬಿಗೆ ಹಾಕಿದೆ. ದಾರ ಕರುಳಿಗೆ ಸಿಕ್ಕಿಕೊಂಡೀತು ಎಂದು ಅದನ್ನೂ ಎಳೆದು ಬೆರಳಿಗೆ ಸುತ್ತಿ ಉಂಡೆ ಮಾಡಿದೆ. ಹುಲ್ಲನ್ನು ಮಡಿಲಲ್ಲಿ ತುಂಬಿಕೊಂಡು ಹೋಗಿ ಕೊಟ್ಟಿಗೆಯ ಬಿಳಿ ಮೇಕೆಯ ಮುಂದೆ ಇಟ್ಟೆ. ಅದು ನನ್ನ ಮುಖ ನೋಡುತ್ತಾ, ಗರಿಗರಿ ಸದ್ದು ಮಾಡುತ್ತಾ, ಒಂದು ಕಡ್ಡಿಯೂ ಬಿಡದೆ ತಿಂದಿತು. ಅತ್ತೆ ನೋಡಿದ್ದರೆ ಮೆಚ್ಚುತ್ತಿದ್ದರು.

ಮಧ್ಯಾಹ್ನ ಬಾಗಿಲು ತೆರೆಯಿತು. ಎವಾ ಎತ್ತರದ ಹೆಂಗಸು, ತಂಗಿಗಿಂತ ಬಡಕಲು. ಚೀಲ ಕೆಳಗಿಡಲಿಲ್ಲ, ನನ್ನ ಕಡೆ ನೋಡಲಿಲ್ಲ. ಅವಳ ಕಣ್ಣು ಸೀದಾ ತೊಲೆಗೆ ಹೋಯಿತು. ಅಲ್ಲಿ ಕೊಕ್ಕೆ ಮಾತ್ರ ಇತ್ತು.

"ರತ್ನಮ್ಮ," ಎಂದಳು ಕಾಶಿ ಮೆಲ್ಲಗೆ. "ಅಲ್ಲಿದ್ದಿದ್ದು ಎಲ್ಲಿ?"

"ತೆಗೆದ್ನಮ್ಮಾ! ಹಳೇದು ಅಂದ್ಯಲ್ಲ. ಮೇಕೆಗೆ ಹಾಕ್ದೆ," ಎಂದೆ, ಬಹುಮಾನ ಕೇಳುವ ದನಿಯಲ್ಲಿ.

ಕಾಶಿ ಅಕ್ಕನಿಗೆ ಅದನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಾನು ಕೊಟ್ಟಿಗೆಯ ಕಡೆ ತೋರಿಸಿದ ಕೈ ಇನ್ನೂ ಹಾಗೇ ಇತ್ತು. ಎವಾ ಚೀಲವನ್ನು ಎತ್ತಿಕೊಂಡೇ ತನ್ನ ಹಳೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಅದು ಅಮ್ಮ ಕಡೇದಾಗಿ ಮಾಡಿದ್ದು, ರತ್ನಮ್ಮ. ಹಾಸಿಗೇಲಿ ಕೂತ್ಕೊಂಡು ಮಾಡಿದ್ಲು. ಪ್ರತಿ ವರ್ಷ ಹೊಸದು ಮಾಡೋಳು. ಇದಾದ್ಮೇಲೆ ಮಾಡೋರೇ ಇಲ್ಲ ಅಂತ ಅಪ್ಪ ಇಳಿಸ್ಲಿಲ್ಲ. ಎವಾ ಅದನ್ನ ನೋಡಕ್ಕೆ ಅಂತಾನೇ ಬಂದ್ಲು. ನಾನು ನಿಮಗೆ ಹೇಳ್ಬೇಕಿತ್ತು. ನಂದೇ ತಪ್ಪು."

ಅವಳು ತನ್ನದೇ ತಪ್ಪು ಅಂದಳಲ್ಲ, ಅದಕ್ಕಿಂತ ಅವಳು ಎರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು. ಅದೇ ಸ್ಟೂಲಿನ ಮೇಲೆ ಕೂತೆ. ತಾಯಿಯ ಮಣ್ಣಿಗೂ ಒದಗದ ಮಗಳು ತಾಯಿಯ ಕೈಕೆಲಸವನ್ನಾದರೂ ಮುಟ್ಟೋಣ ಎಂದು ಬಂದರೆ, ಅವಳು ಬರುವುದಕ್ಕೆ ಎರಡು ಗಂಟೆ ಮುಂಚೆ ಅದನ್ನು ಮೇಕೆಗೆ ಹಾಕಿದವಳು ನಾನು. ಭೂಮಿ ಬಾಯಿ ಬಿಡಲಿ ಎನ್ನೋಣವೆಂದರೆ ಅಲ್ಲಿ ಭೂಮಿಯ ಮೇಲೆ ಮೊಳಕಾಲುದ್ದ ಹಿಮ.

"ನಾಳೇನೇ ವಾಪಸ್ ಹೋಗ್ತೀನಿ ಕಣೇ. ಟಿಕೆಟ್ ನೋಡು."

"ನಾಳೆ ಯಾವ ಬಸ್ಸೂ ಇಲ್ಲ, ಸುಮ್ನಿರಿ," ಎಂದಳು, ಮೂಗು ಒರೆಸಿಕೊಳ್ಳುತ್ತಾ.

ಅಷ್ಟರಲ್ಲಿ ಸ್ತಾಶಪ್ಪ ಬಂದರು. ಬಕೀಟಿನಲ್ಲಿ ಜೀವಂತ ಮೀನು ಬಾಲ ಬಡಿಯುತ್ತಿತ್ತು. ಕಾಶಿ ಹೇಳಿದ್ದನ್ನು ಕೇಳಿದರು. ಕೊಕ್ಕೆ ನೋಡಿದರು. ನನ್ನನ್ನು ನೋಡಿದರು. ಬಕೀಟನ್ನು ನನ್ನ ಕಾಲ ಬುಡದಲ್ಲಿ ಇಟ್ಟು ಹೊರಗೆ ಹೋದರು. ಗಂಡಸು ಕಣ್ಣೀರು ಹಾಕಲು ಕೊಟ್ಟಿಗೆಗೆ ಹೋದ ಎಂದುಕೊಂಡೆ. ಆ ಮೀನೂ ನಾನೂ ಒಬ್ಬರನ್ನೊಬ್ಬರು ನೋಡಿಕೊಂಡು ಕೂತಿದ್ದೆವು.

ಅವರು ಮರಳಿದಾಗ ಕಂಕುಳಲ್ಲಿ ಒಂದು ಹೊರೆ ರೈ ಎಂಬ ಧಾನ್ಯದ ಒಣಹುಲ್ಲು ಇತ್ತು, ಕೈಯಲ್ಲಿ ಒಂದು ಸವೆದ ಹಲಗೆ. ಮೇಜಿನ ಮೇಲಿದ್ದ ಅಕ್ರೋಟು, ಮೊಟ್ಟೆಯೋಡು ಎಲ್ಲವನ್ನೂ ಮೊಳಕೈಯಿಂದ ಸರಿಸಿ ಕೂತರು. ಒಂದು ಕಡ್ಡಿ ಎತ್ತಿಕೊಂಡು, ಗಿಣ್ಣು ಬಿಟ್ಟು, ಹಲಗೆಯ ಮೇಲಿಟ್ಟು ಚಾಕುವಿನಿಂದ ಕತ್ತರಿಸಿದರು. ಮತ್ತೊಂದು. ಇನ್ನೊಂದು. ಎಲ್ಲವೂ ಒಂದೇ ಅಳತೆ. ಒಂದು ಹಿಡಿಯಾದ ಮೇಲೆ ನನ್ನ ಕಡೆ ತಳ್ಳಿದರು.

"ನಲವತ್ತು ವರ್ಷ ಅಮ್ಮನಿಗೆ ಕಡ್ಡಿ ಕತ್ತರಿಸಿಕೊಟ್ಟೋರು ಅಪ್ಪಾನೇ," ಎಂದಳು ಕಾಶಿ. "ಕಟ್ಟಕ್ಕೆ ಅವ್ರಿಗೆ ಬರಲ್ಲ."

ಕಟ್ಟಲು ನನಗೆ ಬರುತ್ತಿತ್ತು. ಈ ಹರಳಿನ ಆಕಾರ ಗೊತ್ತಿರಲಿಲ್ಲ, ಆದರೆ ಹುಲ್ಲಿನ ಸ್ವಭಾವ ಗೊತ್ತಿತ್ತು. ಒಣಹುಲ್ಲು ಹಟಮಾರಿ, ಬಗ್ಗಿಸಿದರೆ ಸೀಳುತ್ತದೆ. ಬೆಚ್ಚನೆಯ ನೀರಿನಲ್ಲಿ ಅದ್ದಿ ಬಟ್ಟೆಯಲ್ಲಿ ಸುತ್ತಿಟ್ಟರೆ ಮಾತು ಕೇಳುತ್ತದೆ, ಅಜ್ಜಿ ಕಲಿಸಿದ್ದು. ಹಾಗೇ ಮಾಡಿದೆ. ಕಾಶಿ ಫೋನಿನಲ್ಲಿದ್ದ ಹಳೆಯ ಫೋಟೋ ತೆಗೆದು ಮುಂದಿಟ್ಟಳು. ಬೆರಳಿಗೆ ಸುತ್ತಿ ಮಾಡಿದ್ದ ಕೆಂಪು ದಾರದ ಉಂಡೆ ಬಿಚ್ಚಿದೆ. ಮೊದಲನೆಯ ಹರಳು ಬಾಗಿತು. ಎರಡನೆಯದು ಕಳಚಿಕೊಂಡಿತು. ಮೂರನೆಯದು ಕೈಯಲ್ಲಿ ನಿಂತಿತು.

ಸಂಜೆ ಎವಾ ಬಾಗಿಲು ತೆರೆದು ಬಂದಳು. ಮುಖ ತೊಳೆದಿದ್ದಳು, ಕಣ್ಣು ಊದಿತ್ತು. ನಾನು ಎದ್ದು ನಿಂತೆ. ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದೆ. ತಾಯಿ ಕತ್ತರಿಸಿ ಮಡಿಸಿದ ಹೂಗಳು, ಒಂದೂ ಕಡಿಮೆಯಾಗದೆ, ಚಕ್ಕುಲಿಯ ಎಳ್ಳಿನ ನಡುವೆ ಇದ್ದವು. ಅವಳು ಒಂದನ್ನು ತೆಗೆದು, ಅಂಟಿದ್ದ ಎಳ್ಳನ್ನು ಉಗುರಿನಲ್ಲಿ ಬಿಡಿಸಿದಳು.

ಆಮೇಲೆ ಅವಳ ಕಣ್ಣು ಹಲಗೆಯ ಮೇಲೆ ಬಿತ್ತು. ಹಲಗೆಯ ಅಂಚಿನಲ್ಲಿ ಎರಡು ಗೀರುಗಳಿದ್ದವು. ಸ್ತಾಶಪ್ಪ ಕಡ್ಡಿಯನ್ನು ಅದರ ನಡುವೆ ಇಟ್ಟೇ ಕತ್ತರಿಸುತ್ತಿದ್ದರು. ಅದೇನು ಎಂದು ಅವಳು ಕೇಳಿರಬೇಕು. ಅವರು ಚಾಕು ಕೆಳಗಿಟ್ಟು ನಾಲ್ಕು ಮಾತು ಹೇಳಿದರು. ಇಬ್ಬರು ಹೆಣ್ಣುಮಕ್ಕಳೂ ಹಲಗೆಯ ಮೇಲೆ ಬಗ್ಗಿದರು.

"ಏನಂತೆ?" ಎಂದೆ.

"ಅಮ್ಮನ ಬೆರಳಂತೆ," ಎಂದಳು ಕಾಶಿ. "ಮದ್ವೆ ಆದ ವರ್ಷ, ಎಷ್ಟುದ್ದ ಕತ್ತರಿಸ್ಲಿ ಅಂತ ಅಪ್ಪ ಕೇಳಿದ್ರೆ, ಅಮ್ಮ ನಡುಬೆರಳನ್ನ ಹಲಗೆ ಮೇಲಿಟ್ಟು ಇಷ್ಟು ಅಂದ್ಲಂತೆ. ಅಪ್ಪ ಚಾಕೂಲಿ ಗೀರು ಹಾಕ್ಕೊಂಡ್ರಂತೆ. ನಮಗೆ ಗೊತ್ತೇ ಇರ್ಲಿಲ್ಲ."

ಕಾಶಿ ತನ್ನ ಬೆರಳಿಟ್ಟು ನೋಡಿದಳು. ಅರ್ಧ ಉಗುರಷ್ಟು ಸಾಲಲಿಲ್ಲ. ಎವಾ ಇಟ್ಟಳು. ಗೀರಿನಿಂದ ಗೀರಿಗೆ ಸರಿಯಾಗಿ ಕೂತಿತು. ಅವಳು ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಸ್ತಾಶಪ್ಪ ಕಡ್ಡಿ ಹಿಡಿದು ಕಾದರು. ಬಕೀಟಿನಲ್ಲಿ ಮೀನೊಂದೇ ಸದ್ದು ಮಾಡುತ್ತಿತ್ತು.

ಆಮೇಲೆ ಅವಳು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, ದಾರದ ತುದಿಗೆ ಕೈ ಚಾಚಿದಳು.

ಮೊದಲ ನಕ್ಷತ್ರ

ಹಬ್ಬದ ಸಂಜೆ ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವವರೆಗೆ ಇಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ. ನಮ್ಮಲ್ಲಿ ಸಂಕಷ್ಟಿಗೆ ಚಂದ್ರನಿಗೆ ಕಾಯುವ ಹಾಗೆ. ಕಾಶಿಯ ಚಿಕ್ಕಮ್ಮಂದಿರು, ಅವರ ಮಕ್ಕಳು ಎಲ್ಲ ಬಂದರು. ನನ್ನನ್ನು ಸೇರಿಸಿ ಹನ್ನೆರಡು ಜನ. ಬೆಸಸಂಖ್ಯೆಯಲ್ಲಿ ಕೂತರೆ ಅಪಶಕುನವಂತೆ, ಹನ್ನೊಂದನ್ನು ಸಮ ಮಾಡಿದ್ದಕ್ಕೆ ದೊಡ್ಡ ಚಿಕ್ಕಮ್ಮ ನನ್ನ ಕೆನ್ನೆ ಹಿಂಡಿದರು. ಊಟದ ಮೇಜಿನ ಮೇಲುಹಾಸಿನ ಕೆಳಗೆ ಹುಲ್ಲು ಹರಡಿದ್ದರು, ಏಸು ಹುಟ್ಟಿದ್ದು ಗೋದಲಿಯಲ್ಲಿ ಎಂಬ ನೆನಪಿಗೆ. ತಟ್ಟೆ ಇಟ್ಟರೆ ಅಲುಗಾಡುತ್ತದೆ, ಯಾರೂ ಬೇಸರಪಡುವುದಿಲ್ಲ. ಒಂದು ತಟ್ಟೆ ಹೆಚ್ಚು ಇಟ್ಟಿದ್ದರು, ದಾರಿತಪ್ಪಿ ಬರುವ ಅತಿಥಿಗೆ.

ತೊಲೆಯಲ್ಲಿ ಹೊಸ ಜೇಡ ತೂಗುತ್ತಿತ್ತು. ಮೇಲಿನ ಹರಳುಗಳು ಅವರ ಪದ್ಧತಿಯವು, ಎವಾ ಕಟ್ಟಿದ್ದು. ಕೆಳಗೆ ಕಡ್ಡಿ ಸಾಲದೆ ನಾನು ರೈ ತೆನೆಗಳನ್ನೇ ಅಜ್ಜಿಯ ಹೆಣಿಗೆಯಲ್ಲಿ ಇಳಿಬಿಟ್ಟಿದ್ದೆ. ಗಂಟುಗಂಟಿಗೂ ಹಳೆಯ ಹೂವು.

ಚಿಕ್ಕಮ್ಮ ಕತ್ತೆತ್ತಿ ನೋಡಿ ಏನೋ ಅಂದರು, ಎಲ್ಲರೂ ನಕ್ಕರು. "ಈ ವರ್ಷ ನಮ್ಮ ಜೇಡಕ್ಕೆ ಗಡ್ಡ ಬಂದಿದೆ ಅಂತಾರೆ," ಎಂದಳು ಕಾಶಿ.

ಊಟಕ್ಕೆ ಮುಂಚೆ ಹಪ್ಪಳದಷ್ಟು ತೆಳುವಾದ ಬಿಳಿ ರೊಟ್ಟಿಯನ್ನು ಎಲ್ಲರೂ ಹಿಡಿದು, ಒಬ್ಬರ ರೊಟ್ಟಿಯಿಂದ ಇನ್ನೊಬ್ಬರು ಚೂರು ಮುರಿದುಕೊಂಡು ಹಾರೈಸುವುದು ಪದ್ಧತಿ. ಮುನಿಸಿದ್ದರೆ ಆಗ ಬಿಡಬೇಕು. ಎವಾ ನನ್ನ ಹತ್ತಿರ ಬಂದಳು. ಅವಳ ರೊಟ್ಟಿಯಿಂದ ನಾನು ಮುರಿದ ಚೂರು ದೊಡ್ಡದೇ ಆಯಿತು.

"ಕ್ಷಮಿಸಮ್ಮ," ಎಂದೆ, ಕನ್ನಡದಲ್ಲೇ.

ಅವಳು ತಂಗಿಯ ಕಡೆ ತಿರುಗಿ ಏನೋ ಹೇಳಿದಳು. ಕಾಶಿ ನಗು ತಡೆಯಲಾರದೆ ಕನ್ನಡ ಮಾಡಿದಳು. "ಇವತ್ತು ಮೇಕೆ ಮಾತಾಡೋ ದಿನ. ಅಮ್ಮನ ಕೈಯಡುಗೆ ಕಡೇದಾಗಿ ತಿಂದಿರೋದು ಅದೊಂದೇ. ರುಚಿ ಹೆಂಗಿತ್ತು ಅಂತ ಅದನ್ನೇ ಕೇಳೋಣ ಅಂತಾಳೆ."

ಊಟವಾದ ಮೇಲೆ ರೊಟ್ಟಿಯ ಚೂರನ್ನು ಪ್ರಾಣಿಗಳಿಗೂ ಕೊಡಬೇಕು. ಎವಾ ನನ್ನ ತೋಳು ಹಿಡಿದು ಬೂದಿಯ ರಂಗೋಲಿಯನ್ನು ಬಳಸಿ ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಬಿಳಿ ಮೇಕೆಯ ಬಾಯಿಗೆ ಚೂರು ಇಟ್ಟು, ಅದರ ಕತ್ತು ತಬ್ಬಿ, ಕಿವಿಯಲ್ಲಿ ಏನೇನೋ ಹೇಳಿದಳು. ನಾನು ತಿರುಗಿ ನಿಂತೆ. ಅದು ಮೇಕೆಗೂ ಅವಳಿಗೂ ಬಿಟ್ಟದ್ದು.

ಮತ್ತೆ ಕಾಡುಗೋಡಿ

ಬಂದು ವರ್ಷವಾಯಿತು. ಅತ್ತೆಗೆ ಎಲ್ಲವನ್ನೂ ಹೇಳಿದ್ದೆ. "ತೋರಣ ಇಳಿಸೋಕ್ಮುಂಚೆ ಕಟ್ಟಿದೋರ್ ಯಾರು ಅಂತ ಕೇಳ್ಬಾರ್ದೇನೇ?" ಎಂದು ಬೈದಿದ್ದರು. ಆ ಮಾತನ್ನು ಅವರು ಮೊದಲೇ ಹೇಳಿ ಕಳಿಸಿದ್ದರೆ!

ಮೊನ್ನೆ ಡಿಸೆಂಬರಿನಲ್ಲಿ ಕಾಶಿ ವಿಡಿಯೋ ಕಳಿಸಿದಳು. ಸ್ಟೂಲಿನ ಮೇಲೆ ಎವಾ. ಗಡ್ಡದ ಜೇಡವನ್ನು ಎರಡು ಕೈಯಲ್ಲಿ ಇಳಿಸುತ್ತಾಳೆ. ಹೂವನ್ನೆಲ್ಲ ಒಂದೊಂದಾಗಿ ಬಿಡಿಸಿ, ನಾನು ಬಿಟ್ಟುಬಂದ ಚಕ್ಕುಲಿ ಡಬ್ಬಿಗೆ ಹಾಕುತ್ತಾಳೆ. ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಹುಲ್ಲು ಮಡಿಲಿಗೆ. ಕೊಟ್ಟಿಗೆಯ ಬಾಗಿಲಲ್ಲಿ ಬಿಳಿ ಮೇಕೆ ಆಗಲೇ ಕಾದು ನಿಂತಿದೆ, ಇದು ತಲೆತಲಾಂತರದಿಂದ ತನ್ನದೇ ಪಾಲು ಎಂಬಂತೆ.

ಹಿಂದೆ, ಅಡುಗೆಮನೆಯ ಮೇಜಿನ ಮೇಲೆ, ಸ್ತಾಶಪ್ಪ ಹಲಗೆ ಇಟ್ಟುಕೊಂಡು ಹೊಸ ಕಡ್ಡಿ ಕತ್ತರಿಸುವ ಸದ್ದು ಕೇಳಿಸುತ್ತದೆ.